ಬಾನೆಟ್ ಮೇಲೆ ರಾಯಣ್ಣ ಇದ್ರ ಸಾಲದು, ಹುಕ್ ಎಷ್ಟು ಎತ್ತರದಾಗ ಅದ ನೋಡ್ರಿ

ಬಾನೆಟ್ ಮೇಲೆ ರಾಯಣ್ಣ, ಡಬ್ಬಿಯ ಹಿಂದೆ ಬಸವಣ್ಣ, ಎರಡೂ ಮಡ್‌ಗಾರ್ಡ್ ಮೇಲೆ ಸಿನಿಮಾ ಡೈಲಾಗು. ಜತ್ತ ತಾಲೂಕಿನ ನಮ್ಮ ಹುಡುಗರ ಟ್ರ್ಯಾಕ್ಟರ್ ನೋಡಿದ್ರ ಇದು ಸಾಂಗಲಿ ಜಿಲ್ಲಾನೋ ವಿಜಯಪುರ ಜಿಲ್ಲಾನೋ ಗುರುತು ಹತ್ತೂದಿಲ್ಲ. ಸಂತೋಷ. ಆದ್ರ ಅದೇ ಟ್ರ್ಯಾಕ್ಟರಿನ ಮೇಲೆ ಜೀವ ಉಳಿಸೋ ಮಾತು ಎಲ್ಲಿ ಬರದದೋ ಅಲ್ಲಿ ಮಾತ್ರ ಕನ್ನಡ ಇಲ್ಲ. ಹಿಂದಿನ ಹುಕ್ಕಿನ ಹತ್ತಿರ ಅಂಟಿಸಿದ ಹಳದಿ ಚೀಟಿ ಇಂಗ್ಲಿಷಿನಾಗ ಅದ, ಇಲ್ಲಾ ಹಿಂದಿಯಾಗ ಅದ. ಶೋರೂಮಿನವರು ಕೈಗೆ ಕೊಟ್ಟ ಪುಸ್ತಕ ಮರಾಠಿ. ಅದು ಸೀಟಿನ ಕೆಳಗಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ಬಿಚ್ಚದೇ ಕೂತಿರ್ತದ.

ಇದನ್ನು ಸಣ್ಣ ವಿಷಯ ಅನ್ನೋರಿಗೆ ನಮ್ಮ ಉತ್ತರ ಇಷ್ಟೇ: ಮಿನಿ ಟ್ರ್ಯಾಕ್ಟರು ಸಣ್ಣದಿದ್ರೂ ಅದರ ಕೆಳಗೆ ಸಿಕ್ಕ ಮನುಷ್ಯ ಏಳೂದಿಲ್ಲ.

ದಾಳಿಂಬಿ, ದ್ರಾಕ್ಷಿ ಬಂದ ಮೇಲೆ ನಮ್ಮ ಕಡೆ ಮಿನಿ ಟ್ರ್ಯಾಕ್ಟರ್ ಮನಿ ಎತ್ತಿನಂಗ ಆಗ್ಯಾವ. ಸಾಲಿನ ನಡುವೆ ಹಾಯ್ತಾವ, ಬ್ಲೋವರ್ ಎಳೀತಾವ, ಗೊಬ್ಬರ ತರ್ತಾವ. 20-25 ಎಚ್‌ಪಿ ಯಂತ್ರ, ತೂಕ ಒಂದು ಟನ್ ಆಸುಪಾಸು. ಕೆಲಸಕ್ಕೆ ಚಲೋ. ಆದ್ರ ಅದಕ್ಕೆ ದೊಡ್ಡ ಟ್ರ್ಯಾಕ್ಟರಿನ ಕೆಲಸ ಹಚ್ಚೋದು, ಜಾತ್ರಿಯಾಗ ಬೆನ್ನಿಗೆ ಬೆನ್ನು ಕೊಟ್ಟು ಸರಪಳಿ ಹಾಕಿ ಜಗ್ಗಾಡ್ಸೋದು, ಮುಂದಿನ ಎರಡೂ ಗಾಲಿ ಎತ್ತಿಸಿ ರೀಲ್ ಮಾಡೋದು, ಇದೆಲ್ಲ ಎಲ್ಲಿಂದ ಬಂತು? ಮುಂದಿನ ಗಾಲಿ ಎದ್ದರ ಶೀಟಿ ಹೊಡಿಯೋ ಮಂದಿಗೆ ಒಂದು ಮಾತು ಹೇಳ್ತೀವಿ: ನೀವು ಶೀಟಿ ಹೊಡೀತಿರೋದು ಟ್ರ್ಯಾಕ್ಟರ್ ಮಗುಚಿ ಬೀಳೋದರ ಮೊದಲ ಅರ್ಧಕ್ಕೆ.

ಗಾಲಿ ಯಾಕೆ ಏಳ್ತದ? ಚಕ್ಕಡಿ ಹೂಡಿದವರ ಮೊಮ್ಮಕ್ಕಳು ನಾವು, ನಮಗೆ ಇದು ಗೊತ್ತಿರಬೇಕು. ಚಕ್ಕಡಿ ಹಿಂಭಾರ ಆದ್ರ ಮೂಕಿ ಮೇಲೆದ್ದು ಎತ್ತಿನ ಕೊರಳು ಮೇಲಕ್ಕ ಜಗ್ತಿತ್ತು. ಅದಕ್ಕ ಅಜ್ಜ ಹೇರು ಹೇರೋ ಮುಂಚೆ ಮುಂಭಾರ ಹಿಂಭಾರ ನೋಡ್ತಿದ್ದ. ಟ್ರ್ಯಾಕ್ಟರಿನಾಗೂ ಲೆಕ್ಕ ಅದೇ. ಹಿಂದಿನ ಗಾಲಿಯ ಇರಸು ನಡುವಿನ ಬಿಂದು. ಭಾರವನ್ನು ಇರಸಿಗಿಂತ ಕೆಳಗೆ, ಡ್ರಾಬಾರಿಗೆ ಕಟ್ಟಿದ್ರ ಟ್ರ್ಯಾಕ್ಟರ್ ಮೂಗು ಎತ್ತೋದು ಕಷ್ಟ. ಇರಸಿಗಿಂತ ಮೇಲೆ, ಅಂದ್ರ ಟಾಪ್ ಲಿಂಕ್ ಸಿಗಿಸೋ ಕಬ್ಬಿಣಕ್ಕೋ ಸೀಟಿನ ಹಿಂದಿನ ಕಮಾನಿಗೋ ಇರಸಿಗೇ ಸುತ್ತಿಯೋ ಸರಪಳಿ ಹಾಕಿದ್ರಿ ಅಂದ್ರ, ನೀವು ಕ್ಲಚ್ ಬಿಟ್ಟ ಕೂಡಲೇ ಅದೇ ಭಾರ ಟ್ರ್ಯಾಕ್ಟರನ್ನು ಇರಸಿನ ಸುತ್ತ ಹಿಂದಕ್ಕೆ ತಿರುವ್ತದ. ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಸುಮಾರು ಮುಕ್ಕಾಲು ಸೆಕೆಂಡಿಗೆ ವಾಪಸ್ ಬರಲಾರದ ಹಂತ ದಾಟ್ತದ. ಒಂದೂವರೆ ಸೆಕೆಂಡಿಗೆ ಟ್ರ್ಯಾಕ್ಟರ್ ಬೆನ್ನಡಿ, ಡ್ರೈವರ್ ಅದರ ಕೆಳಗೆ. "ನಾ ಕ್ಲಚ್ ತುಳೀತೀನಿ ಬಿಡ್ರಿ" ಅನ್ನೋ ಗಂಡುಗಲಿಗಳಿಗೆ: ನಿಮ್ಮ ಕಣ್ಣು ನೋಡಿ, ತಲೆ ತಿಳ್ಕೊಂಡು, ಕಾಲು ತುಳಿಯೋದರೊಳಗೆ ಆ ಮುಕ್ಕಾಲು ಸೆಕೆಂಡು ಮುಗಿದಿರ್ತದ.

ಮಧ್ಯಪ್ರದೇಶದ ಬುದನಿಯ ಕೇಂದ್ರ ಸರಕಾರಿ ಸಂಸ್ಥೆಯಲ್ಲಿ ಟ್ರ್ಯಾಕ್ಟರ್ ಎಷ್ಟು ಜಗ್ಗಬಲ್ಲದು ಅಂತ ಪರೀಕ್ಷೆ ಮಾಡ್ತಾರ. ಆ ಅಳತೆ ತೆಗೆಯೋದೂ ಡ್ರಾಬಾರಿಗೆ ಕಟ್ಟಿಯೇ. ಅಲ್ಲಿ ಅಳೆದ ಜಗ್ಗೋ ಶಕ್ತಿ ಡ್ರಾಬಾರಿನ ಶಕ್ತಿ. ಟಾಪ್ ಲಿಂಕಿಗೆ ಕಟ್ಟಿ ಜಗ್ಗಿದ್ರ ಎಷ್ಟು ಅಂತ ಯಾರೂ ಅಳೆಯೂದಿಲ್ಲ, ಅಳೆಯಾಕ ಹೋದವ ಉಳಿಯೂದಿಲ್ಲ.

ಇನ್ನು ನಮ್ಮ ತಾಲೂಕಿನ ನಿಜವಾದ ಸಂಕಟಕ್ಕೆ ಬರೋಣ. ನೀರಿನ ಟ್ಯಾಂಕರ್. ಬರಗಾಲದಾಗ ತೋಟ ಉಳಿಸಾಕ, ದನಕ್ಕೆ ಕುಡಿಸಾಕ ಟ್ಯಾಂಕರ್ ಬೇಕೇ ಬೇಕು, ಅದಕ್ಕ ಯಾರನ್ನೂ ಬೈಯೂದಿಲ್ಲ. ಆದ್ರ ಲೆಕ್ಕ ಮಾಡ್ರಿ. ಒಂದು ಲೀಟರ್ ನೀರು ಒಂದು ಕಿಲೋ. 5,000 ಲೀಟರ್ ಟ್ಯಾಂಕರ್ ಅಂದ್ರ 5 ಟನ್ ನೀರು, ಮೇಲೆ ಟ್ಯಾಂಕಿನ ಕಬ್ಬಿಣ ಬೇರೆ. ಅದನ್ನು ಒಂದು ಟನ್ನಿನ ಮಿನಿಗೆ ಸಿಗಿಸ್ತೀರಿ. ಸಪಾಟ ರಸ್ತೆಯಾಗ ಎಳೀತದ, ಖರೇ. ಎಳೆಯೋದು ದೊಡ್ಡ ಮಾತಲ್ಲ, ನಿಲ್ಸೋದು ದೊಡ್ಡ ಮಾತು. ಬ್ರೇಕ್ ಇಲ್ಲದ ಡಬ್ಬಿಯ ಒಟ್ಟು ತೂಕ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟು ಮೀರಬಾರದು, ಅದೂ ನಿಧಾನ ಹೋಗೋವಾಗ, ಅಂತ ಕೃಷಿ ಯಂತ್ರದ ಎಂಜಿನಿಯರುಗಳು ಹೇಳ್ತಾರ. ಅಂದ್ರ ಮಿನಿಗೆ ಟ್ಯಾಂಕೂ ಸೇರಿ ಒಂದೂವರೆ ಟನ್. 1,000 ಲೀಟರಿನ ಟ್ಯಾಂಕ್ ನಡೀತದ. 5,000ದ್ದು ಇಳಕಲದಾಗ ನಿಮ್ಮನ್ನು ಕೇಳೂದಿಲ್ಲ, ತಾನೇ ಮುಂದೆ ನೂಕ್ತದ, ಡಬ್ಬಿ ಒಂದು ಕಡೆ ಮಡಚಿ ಟ್ರ್ಯಾಕ್ಟರನ್ನೇ ಕೆಡವ್ತದ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದು: ಬ್ರೇಕ್ ಹಾಕಿದ್ರ ಒಳಗಿನ ನೀರು ಮುಂದಕ್ಕ ಬಡೀತದ, ತಿರುವಿನಾಗ ಒಂದೇ ಮಗ್ಗಲಿಗೆ ಸರೀತದ. ಎರಡು ಖೇಪು ಜಾಸ್ತಿ ಮಾಡ್ರಿ. ಡೀಸೆಲ್ ಹೋದೀತು.

ವೆಲ್ಡಿಂಗ್ ಅಂಗಡಿಯ ವಿಷಯ ಹೇಳದಿದ್ರ ಈ ಲೇಖನ ಅರ್ಧ. ದೊಡ್ಡ ಟ್ರ್ಯಾಕ್ಟರಿಗೆ ಮಾಡಿದ ಡಬ್ಬಿಯ ಮೂಗು ಎತ್ತರ ಇರ್ತದ. ಮಿನಿಯ ಗಾಲಿ ಸಣ್ಣದು, ಇರಸು ಬಹಳ ಕೆಳಗೆ, ನೆಲದಿಂದ ಹೆಚ್ಚು ಕಡಿಮೆ ಒಂದು ಮೊಳ. ಡಬ್ಬಿ ಹೊಂದೂದಿಲ್ಲ ಅಂತ ಅಂಗಡಿಯವನ ಹತ್ತಿರ ಹೋಗಿ ಹುಕ್ಕನ್ನು ಒಂದು ಗೇಣು ಮೇಲೆ ಬೆಸುಗೆ ಹಾಕಿಸ್ತೀರಿ. ಆ ಒಂದು ಗೇಣು ನಿಮ್ಮ ಹುಕ್ಕನ್ನು ಇರಸಿನ ಮೇಲೆ ತಂದಿಡ್ತದ. ಅವನು ಕಬ್ಬಿಣ ಜೋಡಿಸ್ತಾನ, ಅವನಿಗೆ ಇರಸಿನ ಲೆಕ್ಕ ಯಾರೂ ಹೇಳಿಲ್ಲ. ಡಬ್ಬಿಯ ಮೂಗು ಇಳಿಸ್ರಿ, ಟ್ರ್ಯಾಕ್ಟರಿನ ಹುಕ್ ಏರಿಸಬ್ಯಾಡ್ರಿ. ಪಿನ್ ಬದಲು ಬೋಲ್ಟೋ ಹಾರೆಯ ತುಂಡೋ ಹಾಕೋದು ಬ್ಯಾಡ. ಪಿನ್ನಿಗೆ ಕೆಳಗೆ ಕ್ಲಿಪ್ ಇರಬೇಕು, ಪಕ್ಕದಾಗ ಒಂದು ಕಾವಲು ಸರಪಳಿ ಇರಬೇಕು.

ಮಳಿ ಬಂದು ಎರಿ ಹೊಲದಾಗ ಹುಗದಾಗ ನಮ್ಮ ಹುಡುಗರು ಮಾಡೋ ಸಾಹಸ ಇನ್ನೊಂದು. ಹಿಂದಿನ ಗಾಲಿಗೆ ಕಟ್ಟಿಗೆಯ ತುಂಡು ಕಟ್ಟಿ ಮುಂದಕ್ಕ ಹೊಡಿಯೋದು. ಗಾಲಿ ತಿರುಗಲಿಲ್ಲ ಅಂದ್ರ ಎಂಜಿನ್ ಸುಮ್ಮನೆ ಕೂಡೂದಿಲ್ಲ, ಗಾಲಿಯ ಬದಲು ಟ್ರ್ಯಾಕ್ಟರಿನ ಮೈಯೇ ತಿರುಗ್ತದ. ಮೊದಲು ಡಬ್ಬಿ ಬಿಚ್ಚಿ ಹಾಕ್ರಿ. ಗಾಲಿಯ ಹಿಂದಿನ ಮಣ್ಣು ತೋಡಿ ರಿವರ್ಸಿನಾಗ ಬರ್ರಿ. ಬರಲಿಲ್ಲಂದ್ರ ಇನ್ನೊಂದು ದೊಡ್ಡ ಟ್ರ್ಯಾಕ್ಟರ್ ಕರೀರಿ, ಅದರ ಡ್ರಾಬಾರಿಗೆ ಸರಪಳಿ ಕಟ್ಟಿ, ಸಡಿಲು ಬಿಡದೇ ಮೆತ್ತಗೆ ಜಗ್ರಿ. ಝಟಕಾ ಕೊಡಬ್ಯಾಡ್ರಿ. ನೈಲಾನ್ ಹಗ್ಗ ಅಂತೂ ಬ್ಯಾಡೇ ಬ್ಯಾಡ: ಅದು ರಬ್ಬರಿನಂಗ ಹಿಗ್ಗಿ ಹಿಗ್ಗಿ ಹರೀತದ, ಹರಿದ ತುದಿ ಕೊಕ್ಕೆ ಸಮೇತ ಗುಂಡಿನಂಗ ಬರ್ತದ. ಸರಪಳಿ ಮೇಲೆ ಹಸಿ ಗೋಣಿಚೀಲ ಹೊದಿಸ್ರಿ. ನೋಡಾಕ ನಿಂತ ಮಂದಿಯನ್ನು ಸರಪಳಿ ಉದ್ದದ ಒಂದೂವರೆ ಪಟ್ಟು ದೂರ ಸರಿಸ್ರಿ. ಮೊಬೈಲ್ ಹಿಡಿದು ಹತ್ತಿರ ಬಂದವನನ್ನು ಮೊದಲು ಸರಿಸ್ರಿ.

ಉಳಿದದ್ದು ಬೇಗ ಹೇಳ್ತೀವಿ. ರಸ್ತೆಗೆ ಬಂದ ಕೂಡಲೇ ಎರಡೂ ಬ್ರೇಕ್ ಪೆಡಲ್ ಕೂಡಿಸಿ ಕೊಂಡಿ ಹಾಕ್ರಿ. ಇಳಕಲದಾಗ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸೋ ಬುದ್ಧಿ ಬಿಡ್ರಿ. ಹುಕ್ಕಿನ ಮೇಲೆ, ಮಡ್‌ಗಾರ್ಡ್ ಮೇಲೆ ಹುಡುಗರನ್ನು ಕೂಡ್ಸಬ್ಯಾಡ್ರಿ. ತಲೆಯ ಹಿಂದಿನ ಕಬ್ಬಿಣದ ಕಮಾನು ಇದ್ದ ಟ್ರ್ಯಾಕ್ಟರಿನಾಗ, ದ್ರಾಕ್ಷಿ ಚಪ್ಪರದ ಕೆಳಗೆ ಹೋಗಾಕ ಅದನ್ನು ಮಡಚ್ತೀರಿ, ಸರಿ. ಹೊರಗೆ ಬಂದ ಮೇಲೆ ಎತ್ತಿ ಬೆಲ್ಟ್ ಹಾಕ್ರಿ. ಕಮಾನು ಇಲ್ಲದಾಗ, ಮಡಚಿದ್ದಾಗ ಬೆಲ್ಟ್ ಹಾಕಬಾರದು.

ಈಗ ಸಿಟ್ಟಿನ ಮಾತು. ಮೇಲೆ ಹೇಳಿದ್ದು ಒಂದೂ ಗುಟ್ಟಲ್ಲ, ಎಲ್ಲಾ ಕಂಪನಿಯ ಪುಸ್ತಕದಾಗ ಇರ್ತಾವ. ಸಂವಿಧಾನದ 350ಎ ಕಲಮು, 1956ರ ತಿದ್ದುಪಡಿಯಲ್ಲಿ ಬಂದದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸೌಕರ್ಯ ಮಾಡಿರಿ ಅನ್ನತದ. ಅದರಂತೆ ನಮ್ಮ ಹುಡುಗ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಾಗ ಓದ್ತಾನ. ಚಂದ ಓದ್ತಾನ. ಅದೇ ಹುಡುಗ ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡಾಗ ಅವನ ಓದು ಎಲ್ಲಿ ಹೋಯ್ತು? ಸಾಲದ ಕಾಗದಕ್ಕೆ ಕನ್ನಡದಾಗ ಸಹಿ ಮಾಡಿದ್ರ ಒಪ್ಕೊಳ್ತೀರಿ, ಪುಸ್ತಕ ಕನ್ನಡದಾಗ ಕೇಳಿದ್ರ "ಮಹಾರಾಷ್ಟ್ರದಾಗ ಇದೇ" ಅಂತೀರಿ. ವಿಜಯಪುರದಾಗ ಮಾರೋ ಕಂಪನಿಗೆ ಕನ್ನಡ ಓದೋ ಗಿರಾಕಿ ಹೊಸಬನೇನು? ಗಡಿ ದಾಟಿ ಒಂದು ಕಟ್ಟು ಪುಸ್ತಕ ತರಿಸಾಕ ಯಾವ ಸರಕಾರದ ಅಪ್ಪಣೆ ಬೇಕು?

ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ, ಸಂತಿಯಾಗ ಕಚೇರಿಯಾಗ ಮಾತಾಡ್ತೀವಿ. ಆದ್ರ ತರಕಾರಿ ಕೊಳ್ಳೋ ಮರಾಠಿ ಬೇರೆ, ಯಂತ್ರದ ಎಚ್ಚರಿಕೆ ಓದಿ ಅರ್ಥ ಮಾಡ್ಕೊಳ್ಳೋ ಮರಾಠಿ ಬೇರೆ.

ಸತ್ತ ಮೇಲೂ ಇದೇ ಕತೆ. ರೈತ ಅಪಘಾತದಾಗ ತೀರಿದ್ರ ಗೋಪಿನಾಥ ಮುಂಡೆ ಹೆಸರಿನ ಯೋಜನೆಯಿಂದ ಮಹಾರಾಷ್ಟ್ರ ಸರಕಾರ ಮನೆಯವರಿಗೆ 2 ಲಕ್ಷ ರೂಪಾಯಿ ಕೊಡ್ತದ. ಅರ್ಜಿ ಮರಾಠಿಯಾಗ. ಗಂಡನ್ನ ಕಳಕೊಂಡ ಅಕ್ಕ ಅದನ್ನು ಯಾರ ಕೈಯಾಗ ಬರೆಸಬೇಕು? ಬರೆಯಾಕ ಬರೋ ಹುಡುಗರು ನೀವಿದ್ದೀರಿ, ಊರಿಗೆ ಇಬ್ಬರಾದರೂ ಆ ಕೆಲಸ ಹಿಡೀರಿ.

ಡೀಲರಿಗೆ ಬಾಯಿಮಾತಿನಾಗ ಅಲ್ಲ, ಬರವಣಿಗೆಯಾಗ ಕನ್ನಡ ಪುಸ್ತಕ ಕೇಳ್ರಿ, ಅರ್ಜಿಯ ಒಂದು ಪ್ರತಿ ಸಹಿ ಹಾಕಿಸಿ ಇಟ್ಕೊಳ್ರಿ. ಕೃಷಿ ಇಲಾಖೆಯ ತರಬೇತಿಗೆ ಕನ್ನಡ ಬಲ್ಲ ಒಬ್ಬರನ್ನು ಕಳಸ್ರಿ ಅಂತ ಗ್ರಾಮಸಭೆಯಾಗ ಠರಾವು ಮಾಡಿಸ್ರಿ; ಹಿಟ್ನಳ್ಳಿಯ ಕೃಷಿ ಕಾಲೇಜು ಗಡಿಯಾಚೆಯೇ ಅದ, ಅಲ್ಲಿಂದ ಕರೆಸೋದೂ ಆದೀತು. ಅದು ಆಗೋ ತನಕ ಬಣ್ಣದ ಡಬ್ಬಿ ನಿಮ್ಮ ಕೈಯಾಗೇ ಅದ. ಎಡಗಡೆ ಮಡ್‌ಗಾರ್ಡ್ ಮೇಲಿನ ಡೈಲಾಗ್ ಅಳಿಸ್ರಿ, ಬಲಗಡೆಯದು ಇರಲಿ. ಅಲ್ಲಿ ದೊಡ್ಡ ಅಕ್ಷರದಾಗ ಬರೀರಿ: "ಭಾರ ಇರಸಿನ ಕೆಳಗೆ. ಟಾಪ್ ಲಿಂಕಿಗೆ ಸರಪಳಿ ಹಾಕಬೇಡ." ಬರೆದು ಫೋಟೋ ಕಳಸ್ರಿ, ಹಿಂದಿನ ಹುಕ್ ಕಾಣೋಹಂಗ ತೆಗೀರಿ. ಹುಕ್ ಎತ್ತರ ಇದ್ದರ ಅದನ್ನೂ ಹೇಳ್ತೀವಿ.