ಡಂಗುರ ಯಾವ ಕೇರಿಯಲ್ಲಿ?

ಮಿಲ್ಲಿನ ಬೋನಸ್ಸಿನ ಪ್ರಶ್ನೆಯನ್ನು ಕೆಲವು ಮುಖಂಡ ಮಹಾಶಯರು ‘ಎಕ್ಸ್’ನಲ್ಲಿ ಎತ್ತಿದ್ದಾರಂತೆ. ಸಂತೋಷ. ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಆ ಜಾಗದಲ್ಲಿ ನಾಲ್ಕು ಸಾಲು ಬರೆದು, ಸಚಿವರಿಗೆ ಸವಾಲು ಹಾಕಿ, ಬೆಂಗಳೂರಿನ ಪತ್ರಕರ್ತರಿಂದ ಶಹಭಾಸ್ ಪಡೆದು ನೆಮ್ಮದಿಯಾಗಿ ಮಲಗಿದ್ದಾರೆ. ಆ ಬೋನಸ್ಸು ಯಾರಿಗೆ ಸೇರಬೇಕೋ ಆ ನೂಲುವ ಖಾತೆಯ ಕಾರ್ಮಿಕನನ್ನು ಕೇಳಿ ನೋಡಿ. ಅವನ ಫೋನಿನಲ್ಲಿ ವಾಟ್ಸಾಪ್ ಉಂಟು, ಯೂಟ್ಯೂಬ್ ಉಂಟು. ಎಕ್ಸ್ ಎಂದರೆ ಏನೆಂದು ನಮ್ಮನ್ನೇ ತಿರುಗಿ ಕೇಳುತ್ತಾನೆ. ಮದುವೆ ಕೆಳಗಿನ ಕೇರಿಯಲ್ಲಿ, ಓಲಗ ಮೇಲಿನ ಕೇರಿಯಲ್ಲಿ!

ಎಕ್ಸ್ ಬೇಡವೆಂದು ನಾವು ಹೇಳುತ್ತಿಲ್ಲ. ಸಚಿವರು, ಅಧಿಕಾರಿಗಳು, ಪತ್ರಿಕೆಯವರು ಕಣ್ಣಿಟ್ಟಿರುವುದು ಅಲ್ಲಿಯೇ. ಅವರಿಗೆ ನಾಚಿಕೆ ಹುಟ್ಟಿಸಬೇಕಾದರೆ ಅಲ್ಲಿಯೇ ಬರೆಯತಕ್ಕದ್ದು. ಆದರೆ ಅರ್ಹ ಕಾರ್ಮಿಕನ ಬೋನಸ್ಸು ಶೇಕಡಾ ೮.೩೩ಕ್ಕಿಂತ ಕಡಿಮೆ ಇರಕೂಡದೆಂಬ ಕಾನೂನನ್ನು ಕಾರ್ಮಿಕನಿಗೇ ತಿಳಿಸುವ ಜಾಗ ಅದಲ್ಲ. ಅದಕ್ಕೆ ವಾಟ್ಸಾಪಿನಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಅಕ್ಷರ ಬಾರದ ತಾಯಂದಿರೂ ಕೇಳುತ್ತಾರೆ. ಅದನ್ನೂ ಪಾಳಿ ಬಿಟ್ಟ ಮೇಲೆ ಕಳಿಸಬೇಕು. ಯಂತ್ರದ ಮುಂದೆ ನಿಂತವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿದರೆ ಯಾರಿಗೆ ಲಾಭ?

೨೦೨೦ರ ನವೆಂಬರಿನಿಂದ ದೆಹಲಿಯ ಗಡಿಯಲ್ಲಿ ಕೂತ ರೈತರು ಈ ವಿಷಯವನ್ನು ನಮ್ಮ ಪಂಡಿತರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಹೊರಗಿನವರ ಕಿವಿಗೆ ಟ್ವಿಟರ್; ಊರಲ್ಲುಳಿದವರಿಗೆ ಫೇಸ್‌ಬುಕ್, ಯೂಟ್ಯೂಬ್; ಗಡಿಯಲ್ಲಿ ಟ್ರಾಲಿಗಳೊಳಗೆ ಚಳಿ ಕಾಯುತ್ತಿದ್ದವರಿಗೆ ಪಂಜಾಬಿ, ಹಿಂದಿಗಳಲ್ಲಿ ಅಚ್ಚಾದ ‘ಟ್ರಾಲಿ ಟೈಮ್ಸ್’ ಪತ್ರಿಕೆ. ಆ ಡಿಸೆಂಬರಿನಲ್ಲಿ ಕಿಸಾನ್ ಏಕತಾ ಮೋರ್ಚಾದ ಫೇಸ್‌ಬುಕ್ ಪುಟ ಕೆಲವು ಗಂಟೆ ಮಾಯವಾಯಿತು. ೨೦೨೧ರ ಫೆಬ್ರವರಿ ೧ರಂದು ಸರ್ಕಾರದ ಮಾತಿನಂತೆ ಅವರ ಟ್ವಿಟರ್ ಖಾತೆಗೂ ದೇಶದೊಳಗೆ ತಡೆ ಬಿತ್ತು. ಗಲಾಟೆಯಾದ ಮೇಲೆ ಎರಡೂ ಮರಳಿ ಬಂದವು. ಅಚ್ಚಿನ ಹಾಳೆಯನ್ನು ಹಾಗೆ ಗುಂಡಿ ಒತ್ತಿ ಆರಿಸಲು ಯಾರಿಂದಲೂ ಆಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮೂರು ಕಾನೂನುಗಳೂ ರದ್ದಾದವು.

ಸಣ್ಣ ವ್ಯಾಪಾರಿ ಬಂಧುಗಳೂ ಇದನ್ನು ಗಮನಿಸಬೇಕು. ಫೇಸ್‌ಬುಕ್ ಪುಟ ತೆರೆದುಕೊಡುತ್ತೇವೆ, ತಿಂಗಳಿಗಿಷ್ಟು ಕೊಡಿ ಎಂದು ಪೇಟೆಯಲ್ಲಿ ಹುಡುಗರು ತಿರುಗುತ್ತಿದ್ದಾರೆ. ಬಂಧುಮಿತ್ರರ ಸುದ್ದಿಯನ್ನು ಮುಂದೆ ತಂದು ವ್ಯಾಪಾರದ ಪುಟಗಳನ್ನು ಹಿಂದೆ ಸರಿಸುತ್ತೇವೆಂದು ೨೦೧೮ರ ಜನವರಿಯಲ್ಲಿ ಆ ಕಂಪನಿಯೇ ಸಾರಿತು. ಅಂದ ಮೇಲೆ ಜಾಹೀರಾತಿಗೆ ದುಡ್ಡು ಸುರಿದವನಿಗೆ ರಾಜಬೀದಿ, ಉಳಿದವರಿಗೆ ಸಂದಿಗೊಂದಿ. ಬೇಳೆ-ಬೆಲ್ಲ ಮಾರುವವನ ಗಿರಾಕಿ ಇರುವುದು ನಾಲ್ಕು ಬೀದಿಯೊಳಗೆ. ಅವನಿಗೆ ಈ ತೆರಿಗೆ ಯಾಕೆ? ಅಂಗಡಿಗೆ ಬಂದವರ ನಂಬರು ತಾನು ಉಳಿಸಿಕೊಂಡು, ತನ್ನದನ್ನು ಅವರ ಫೋನಿನಲ್ಲಿ ಉಳಿಸಿಸಲಿ. ಆಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಈ ದಿನದ ಧಾರಣೆ ಹಾಕಿದರೆ ೨೪ ಗಂಟೆ ನಿಲ್ಲುತ್ತದೆ, ಕಾಸಿನ ಖರ್ಚಿಲ್ಲ. ಸೀರೆ ಅಂಗಡಿಯವನ ಮಾತು ಬೇರೆ: ಬಣ್ಣ, ಸೆರಗು ತೋರಿಸಬೇಕಾದವನು ಇನ್‌ಸ್ಟಾಗ್ರಾಂ ಹಿಡಿಯಲಿ. ಆದರೆ ಗಿರಾಕಿಗಳ ನಂಬರುಗಳನ್ನು ಖಾತೆ ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಲಿ. ಟಿಕ್‌ಟಾಕ್ ನಂಬಿ ಜನ ಕೂಡಿಸಿದ್ದವರು ೨೦೨೦ರ ಜೂನ್ ೨೯ರಂದು ನಿಷೇಧ ಬಿದ್ದಾಗ ಬರಿಗೈಯಾದರು. ಅಂದ ಹಾಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರು ಅಂಗಡಿಗಳಿಗೂ ಧಣಿ ಮೆಟಾ ಎಂಬ ಒಂದೇ ಕಂಪನಿ. ಒಂದರ ಮೇಲೆ ಮುನಿದು ಇನ್ನೊಂದಕ್ಕೆ ಹೋಗುವ ಗಿರಾಕಿಯನ್ನು ಕಂಡು ಅದು ನಗುತ್ತಿರಬೇಕು.

ವಾಟ್ಸಾಪನ್ನೂ ಕಣ್ಣು ಮುಚ್ಚಿ ನಂಬತಕ್ಕದ್ದಲ್ಲ. ಒಂದು ಗುಂಪಿನಲ್ಲಿ ೧೦೨೪ ಜನರ ತನಕ ಸೇರಿಸಬಹುದು. ಅಷ್ಟು ಜನರಲ್ಲಿ ಮಾಲೀಕನ ಕಡೆಯವನೊಬ್ಬ ಇರಲಾರನೆ? ಸಂದೇಶದ ಲಕೋಟೆ ದಾರಿಯಲ್ಲಿ ಭದ್ರವೆಂದು ಕಂಪನಿ ಹೇಳುವುದು ನಿಜವೇ. ಬಿಚ್ಚಿದವನು ಅದನ್ನು ಮ್ಯಾನೇಜರ ಮೇಜಿನ ಮೇಲಿಟ್ಟರೆ ಭದ್ರತೆ ಎಲ್ಲಿ ಬಂತು? ಬೆಳಗಾಗುವುದರೊಳಗೆ ಮುಂದಾಳುಗಳ ಹೆಸರು ಗೇಟಿನಲ್ಲಿರುತ್ತದೆ, ಅವರು ಗೇಟಿನ ಹೊರಗಿರುತ್ತಾರೆ. ಆದ್ದರಿಂದ ಮುಷ್ಕರದ ನೋಟೀಸಿಗೆ ಮುಂಚಿನ ಮಾತುಕತೆಯನ್ನು ಖಾತೆಗೆ ಇಬ್ಬರಂತೆ ಎದುರುಬದುರು ಕೂತು ನಡೆಸಬೇಕು, ಫೋನುಗಳನ್ನು ಮನೆಯಲ್ಲಿಟ್ಟು ಬಂದು. ತೀರ್ಮಾನವಾದ ದಿನ ಗೇಟಿನಲ್ಲಿ ಕರಪತ್ರ, ಸಂಜೆ ವಾಟ್ಸಾಪಿನಲ್ಲಿ ಧ್ವನಿ, ಮರುದಿನ ಎಕ್ಸ್‌ನಲ್ಲಿ ಸವಾಲು. ಅಲ್ಲಿಯವರೆಗೆ ಮುಖಂಡ ಮಹಾಶಯರು ದಯವಿಟ್ಟು ಬೆರಳು ಬಿಗಿಹಿಡಿದಿರಲಿ.