ಹೈಸ್ಕೂಲಿನಲ್ಲೇ ಕಾಲೇಜಿನ ಲೆಕ್ಕ ತೀರಿಸಬಹುದೇ?

ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಓದುವವರೂ ಚರಿತ್ರೆ, ಬರವಣಿಗೆ, ಕಲೆ, ಸಮಾಜಶಾಸ್ತ್ರದ ಕೋರ್ಸುಗಳನ್ನು ಒಂದಿಷ್ಟು ಮುಗಿಸಲೇಬೇಕು. ಅದೇ ಜನರಲ್ ಎಜುಕೇಶನ್. ಹೈಸ್ಕೂಲಿನಲ್ಲಿದ್ದಾಗಲೇ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ ಪರೀಕ್ಷೆ ಬರೆದೋ, ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಕ್ರೆಡಿಟ್ ಪಾಠ ಓದಿಯೋ ಆ ಲೆಕ್ಕ ತೀರಿಸುವ ದಾರಿಯೂ ಉಂಟು. ಅಲ್ಲಿನ ಕನ್ನಡ ಮನೆಗಳಲ್ಲಿ ಮಕ್ಕಳು ಹತ್ತನೇ ಕ್ಲಾಸಿಗೆ ಬಂದರೆ ಸಾಕು, ಈ ಮಾತು ಏಳುತ್ತದೆ.

ಪರ: ಟೆಕ್ಸಸ್‌ನ ಒಬ್ಬ ತಾಯಿ

ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಕನಿಷ್ಠ 120 ಕ್ರೆಡಿಟ್ ಅವರ್ ಬೇಕು. ಅದರಲ್ಲಿ 42 ಈ ಜನರಲ್ ಎಜುಕೇಶನ್ನಿನ ಕೋರ್‌ಗೇ ಹೋಗುತ್ತವೆ. ಅಮೆರಿಕದ ಚರಿತ್ರೆಗೆ 6, ಸರ್ಕಾರ ಮತ್ತು ರಾಜಕೀಯಕ್ಕೆ ಇನ್ನೊಂದು 6. ನನ್ನ ಮಗಳು ಚರಿತ್ರೆಯನ್ನು ಡ್ಯುಯಲ್ ಕ್ರೆಡಿಟ್‌ನಲ್ಲಿ ಓದಿದಳು. ಕಾಲೇಜಿನದೇ ಪಠ್ಯ, ಕಾಲೇಜಿನದೇ ಗ್ರೇಡು. ಅದನ್ನೇ ಹದಿನೆಂಟನೇ ವಯಸ್ಸಿನಲ್ಲಿ, ಮುನ್ನೂರು ಜನರ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು, ದುಡ್ಡು ಕೊಟ್ಟು ಮತ್ತೆ ಯಾಕೆ ಕೇಳಬೇಕು?

ಒಂದು ಎಪಿ ಪರೀಕ್ಷೆಗೆ ಸುಮಾರು 100 ಡಾಲರ್. ಕಾಲೇಜಿನಲ್ಲಿ ಅದೇ ಕೋರ್ಸಿನ ಶುಲ್ಕ ಅದರ ಎಷ್ಟೋ ಪಟ್ಟು. ಎಪಿಯಲ್ಲಿ 1ರಿಂದ 5ರವರೆಗೆ ಅಂಕ. 3 ಅಥವಾ ಹೆಚ್ಚು ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡಬೇಕು, ಹೆಚ್ಚಿನ ಅಂಕ ಕೇಳುವುದಾದರೆ ಪುರಾವೆ ಇರಬೇಕು ಎಂದು ಟೆಕ್ಸಸ್ 2015ರಲ್ಲಿ ಕಾನೂನನ್ನೇ ಮಾಡಿತು. ಮಿನೆಸೋಟ ರಾಜ್ಯ 1985ರಲ್ಲೇ ಹೈಸ್ಕೂಲಿನ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿತ್ತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ, ರಾತ್ರಿ ಅಂಗಡಿಯಲ್ಲಿ ದುಡಿಯುವ ಮಕ್ಕಳಿಗೆ ಒಂದು ಸೆಮಿಸ್ಟರ್ ಉಳಿಯಿತೆಂದರೆ ಅಷ್ಟು ಸಾಲ ಕಡಿಮೆಯಾದಂತೆ.

ಉಳಿದ ಹೊತ್ತನ್ನು ಮಗಳು ಹಾಳು ಮಾಡಲಿಲ್ಲ. ಸಿವಿಲ್ ಎಂಜಿನಿಯರಿಂಗ್ ಓದುತ್ತಲೇ ಎರಡು ಸೆಮಿಸ್ಟರ್ ಕುಂಬಾರಿಕೆ ಕಲಿತಳು. ಅವಳು ಮಾಡಿದ ಮೊದಲ ಬಟ್ಟಲು ಒಂದು ಕಡೆ ವಾಲಿದೆ. ಅದರಲ್ಲೇ ನಾವು ಉಪ್ಪಿನಕಾಯಿ ಹಾಕಿಡುತ್ತೇವೆ. ಕಡ್ಡಾಯದ ಪಟ್ಟಿ ಖಾಲಿಯಾಗಿದ್ದಕ್ಕೇ ಅವಳ ಮನಸ್ಸಿಗೆ ಬೇಕಾದದ್ದಕ್ಕೆ ಜಾಗ ಸಿಕ್ಕಿತು.

ವಿರೋಧ: ಮೊದಲ ವರ್ಷದವರಿಗೆ ಬರವಣಿಗೆ ಕಲಿಸುವ ಮೇಷ್ಟ್ರು

ಶುಲ್ಕದ ಕಷ್ಟ ನನಗೆ ಗೊತ್ತು, ನನ್ನ ಮಕ್ಕಳಿಗೂ ಕಟ್ಟಿದ್ದೇನೆ. ಆದರೆ ಶುಲ್ಕ ಹೆಚ್ಚಾದರೆ ಇಳಿಸಬೇಕಾದ್ದು ಶುಲ್ಕವನ್ನು, ಓದನ್ನಲ್ಲ.

ಡಾರ್ಟ್‌ಮತ್ ಕಾಲೇಜು ಎಪಿ ಮನಃಶಾಸ್ತ್ರದಲ್ಲಿ 5 ಪಡೆದು ಬಂದ ನೂರಕ್ಕೂ ಹೆಚ್ಚು ಮಕ್ಕಳಿಗೆ ತನ್ನ ಆರಂಭದ ಕೋರ್ಸಿನ ಪರೀಕ್ಷೆಯನ್ನೇ ಸಂಕ್ಷಿಪ್ತವಾಗಿ ಕೊಟ್ಟು ನೋಡಿತು. ಹತ್ತರಲ್ಲಿ ಒಂಬತ್ತು ಮಂದಿ ಫೇಲಾದರು. ಪದವಿಗೆ ಎಪಿ ಕ್ರೆಡಿಟ್ ಎಣಿಸುವುದನ್ನು ನಿಲ್ಲಿಸುವುದಾಗಿ 2013ರಲ್ಲಿ ಅದು ಪ್ರಕಟಿಸಿತು. ಒಂದೇ ವಿಷಯದ, ಒಂದೇ ಕಾಲೇಜಿನ ಪ್ರಯೋಗವಿದು. ನನ್ನ ವಾದ ನಿಂತಿರುವುದು ಇದರ ಮೇಲಲ್ಲ, ನನ್ನ ಕ್ಲಾಸಿನಲ್ಲಿ ಕಂಡದ್ದರ ಮೇಲೆ.

ಎಪಿ ಚರಿತ್ರೆಯಲ್ಲಿ ಏಳು ದಾಖಲೆಗಳನ್ನು ಕೊಟ್ಟು ಒಂದು ಪ್ರಬಂಧ ಬರೆಸುತ್ತಾರೆ. ಓದುವುದಕ್ಕೂ ಬರೆಯುವುದಕ್ಕೂ ಸೇರಿ 60 ನಿಮಿಷ. ಹದಿನಾರರ ಮಕ್ಕಳು ಅದನ್ನು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಅಲ್ಲಿ ದಾಖಲೆಯನ್ನು ಅನುಮಾನಿಸಿ ಇನ್ನೊಂದು ಕಡೆ ಹೋಗಿ ಹುಡುಕಲು ಪುರುಸೊತ್ತಿಲ್ಲ. ನಾನು ಗ್ರಂಥಾಲಯದ ಹಳೆಯ ಪೆಟ್ಟಿಗೆಗಳಿಂದ ಒಂದೇ ಒಂದು ಕಾಗದ ಆರಿಸಿಕೊಂಡು ಮೂರು ವಾರ ಅದರ ಹಿಂದೆ ಬೀಳಲು ಹೇಳುತ್ತೇನೆ.

ಲೆಕ್ಕ ತೀರಿಸಿಕೊಂಡು ಬಂದ ಹುಡುಗನಿಗೆ ಮೊದಲ ದಿನದಿಂದಲೇ ತನ್ನ ವಿಭಾಗದ ಗೋಡೆಗಳು. ಕವಿತೆ ಓದುವವರು, ನರ್ಸಿಂಗ್ ಕಲಿಯುವವರು ಪಕ್ಕದ ಕುರ್ಚಿಯಲ್ಲಿ ಸಿಗುವುದು ಈ ಸಾಮಾನ್ಯ ಕೋರ್ಸುಗಳಲ್ಲೇ. ಕೊಲಂಬಿಯಾ ವಿಶ್ವವಿದ್ಯಾಲಯ 1919ರಲ್ಲಿ, ಮೊದಲ ಮಹಾಯುದ್ಧದ ಬೆನ್ನಲ್ಲೇ, ಎಲ್ಲರೂ ಕೂಡಿ ಓದುವ ಇಂಥ ಕೋರ್ಸ್ ಶುರುಮಾಡಿದ್ದು ಸುಮ್ಮನೆ ಅಲ್ಲ. ಕುಂಬಾರಿಕೆಯನ್ನು ತಾವಾಗಿ ಹುಡುಕಿಕೊಂಡು ಹೋಗುವ ಮಕ್ಕಳು ಇದ್ದಾರೆ, ಸಂತೋಷ. ನಾನು ಕಂಡವರಲ್ಲಿ ಹೆಚ್ಚಿನವರು ಉಳಿದ ಹೊತ್ತಿಗೆ ಇನ್ನೊಂದು ಕೋಡಿಂಗ್ ಕೋರ್ಸ್ ಸೇರಿಸುತ್ತಾರೆ.

ಹೋದ ವರ್ಷ ನನ್ನ ಕ್ಲಾಸಿಗೆ ಎಪಿ ಚರಿತ್ರೆಯಲ್ಲಿ 5 ಬಂದ ಒಬ್ಬಳು ಇದ್ದಳು. ನಮ್ಮಲ್ಲಿ ಬರವಣಿಗೆಯ ಕೋರ್ಸಿಗೆ ವಿನಾಯಿತಿ ಇಲ್ಲದ್ದರಿಂದ ಬಂದವಳು, ಮುಖ ಗಂಟಿಕ್ಕಿಕೊಂಡೇ ಕೂತಿರುತ್ತಿದ್ದಳು. ಅವಳು ಆರಿಸಿದ್ದು ಒಬ್ಬ ರೈತ ಅಣ್ಣನಿಗೆ ಬರೆದ ಕಾಗದ. ಎರಡನೇ ವಾರ ನನ್ನ ಕೋಣೆಗೆ ಓಡಿಬಂದಳು. "ಸರ್, ಆ ಬೇಸಿಗೆ ಮಳೆಯೇ ಆಗಲಿಲ್ಲ ಅಂತ ಬರೆದಿದ್ದಾನೆ. ಆ ಊರಿನ ಪೇಪರ್ ತೆಗೆದು ನೋಡಿದೆ, ಮೂರು ಸಲ ಹೊಳೆ ಉಕ್ಕಿದೆ. ಅಣ್ಣನಿಗೆ ಯಾಕೆ ಸುಳ್ಳು ಬರೆದ?"