ಕಪ್ಪೆಯ ರಕ್ತ ಹೀರುವ ನೊರಜು ನಮ್ಮನ್ನೂ ಕಚ್ಚುತ್ತದೆಯೇ? ಫೋಟೊ ನೋಡಿ ಹುಳದ ಹೆಸರು ಹೇಳಬಹುದೇ?

ಕಪ್ಪೆಯ ಮೂಗಿನ ಮೇಲೆ, ಕಣ್ಣಿನ ಸುತ್ತ ಸೊಳ್ಳೆಯಂಥ ಸಣ್ಣ ಹುಳಗಳು ಗುಂಪಾಗಿ ಕೂತಿರುವ ಫೋಟೊಗಳು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುತ್ತವೆ. ಹುಳದ ಹೊಟ್ಟೆ ರಕ್ತ ಕುಡಿದು ಕೆಂಪಗೆ ಉಬ್ಬಿರುತ್ತದೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಇಂಥ ಹುಳಗಳು ನಿಜವಾಗಿಯೂ ಇವೆ, ಅದರಲ್ಲಿ ಸುಳ್ಳೇನಿಲ್ಲ. ತೊಂದರೆ ಶುರುವಾಗುವುದು ಫೋಟೊದ ಕೆಳಗೆ ಯಾರಾದರೂ ನಾಲ್ಕು ಸಾಲು ಸೇರಿಸಿದಾಗ: ಹೊಸ ವಿಷದ ಹುಳ ಬಂದಿದೆ, ಕಪ್ಪೆಯಿಂದ ಮಕ್ಕಳಿಗೆ ರೋಗ ತರುತ್ತದೆ, ನೀರಿನ ಹೊಂಡಗಳಿಗೆ ಔಷಧ ಹೊಡೆಯಿರಿ, ಎಲ್ಲ ಗ್ರೂಪಿಗೂ ಕಳಿಸಿ.

ಮಳೆಗಾಲದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಇಂಥ ಮಾತನ್ನು ನಂಬಿದರೆ ಆಶ್ಚರ್ಯವಿಲ್ಲ. ಪರಸಿ ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ, ಸಿಮೆಂಟಿಗಾಗಿ ಸುಣ್ಣದ ಕಲ್ಲು ತೆಗೆದ ಹಳೆಯ ಗಣಿಗಳಲ್ಲಿ ನೀರು ನಿಲ್ಲುತ್ತದೆ. ರಾತ್ರಿಯಿಡೀ ಕಪ್ಪೆಗಳ ಗಲಾಟೆ. ಮನೆ ಮುಂದಿನ ಬಲ್ಬಿನ ಸುತ್ತ ಲೆಕ್ಕವಿಲ್ಲದಷ್ಟು ಹುಳ. ಕಣ್ಣೆದುರೇ ಎರಡೂ ಇರುವಾಗ ಮೆಸೇಜ್ ನಿಜವೆಂದೇ ಅನ್ನಿಸುತ್ತದೆ. 2020ರ ಜುಲೈನಲ್ಲಿ ಮಧ್ಯಪ್ರದೇಶದ ನರಸಿಂಹಪುರದ ಹಳದಿ ಕಪ್ಪೆಗಳ ವಿಡಿಯೊ ದೇಶವೆಲ್ಲ ಓಡಾಡಿದ್ದು ನಿಮಗೆ ನೆನಪಿರಬಹುದು. ಅವು ಹೊಸ ಜಾತಿಯವಲ್ಲ. ನಮ್ಮ ಹೊಲದ ಬದುವಿನಲ್ಲೇ ಇರುವ ದೊಡ್ಡ ಗೋಂಕುರುಕಪ್ಪೆಯ ಗಂಡು, ಮಳೆ ಬಿದ್ದಾಗ ಹೆಣ್ಣನ್ನು ಕರೆಯಲು ಕೆಲವು ದಿನ ಹಳದಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ.

ಕೂಗು ಕೇಳಿ ಬರುವ ಹುಳ

ಕಪ್ಪೆಯನ್ನು ಕಚ್ಚುವ ಈ ನೊರಜುಗಳ ಕುಲದ ಹೆಸರು ಕೊರೆಥ್ರೆಲ್ಲಾ. ಉದ್ದ ಒಂದರಿಂದ ಎರಡೂವರೆ ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನ ಅಳತೆ. ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಹೆಚ್ಚಿನವು ಬಿಸಿ ಪ್ರದೇಶಗಳಲ್ಲಿ. ರಕ್ತ ಕುಡಿಯುವುದು ಹೆಣ್ಣು ಮಾತ್ರ, ಸೊಳ್ಳೆಗಳಲ್ಲಿ ಇರುವಂತೆಯೇ.

ಸೊಳ್ಳೆ ನಮ್ಮನ್ನು ಹುಡುಕುವುದು ಮುಖ್ಯವಾಗಿ ಉಸಿರಿನ ಗಾಳಿ, ಬೆವರಿನ ವಾಸನೆ, ಮೈ ಬಿಸಿಯಿಂದ. ಕಪ್ಪೆಗೆ ಮೈ ಬಿಸಿ ಇಲ್ಲ. ಈ ನೊರಜು ಹುಡುಕುವುದು ಧ್ವನಿಯಿಂದ. ಗಂಡು ಕಪ್ಪೆ ಹೆಣ್ಣಿಗಾಗಿ ಕೂಗುತ್ತದೆ, ಹೆಣ್ಣು ಕಪ್ಪೆಗಿಂತ ಮೊದಲು ನೊರಜು ಬಂದು ಕೂರುತ್ತದೆ! ಅಮೆರಿಕದ ಸ್ಟರ್ಜಿಸ್ ಮೆಕೀವರ್ 1977ರಲ್ಲಿ ಇವು ಮರಗಪ್ಪೆಗಳ ರಕ್ತ ಹೀರುವುದನ್ನು ವರದಿ ಮಾಡಿದರು. ಕಪ್ಪೆಯ ಕೂಗನ್ನು ಟೇಪಿನಲ್ಲಿ ಹಾಕಿದರೂ ಇವು ಹಾರಿ ಬರುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಇವತ್ತಿಗೂ ಇವನ್ನು ಹಿಡಿಯುವ ಬಲೆಯಲ್ಲಿ ಮುಖ್ಯ ಸಾಮಾನು ಒಂದು ಸ್ಪೀಕರ್. ಪನಾಮಾದ ಟುಂಗಾರಾ ಕಪ್ಪೆಯ ಮೇಲೆ ಬರ್ನಾಲ್, ರ‍್ಯಾಂಡ್, ರಯಾನ್ ಎಂಬ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಈ ಗಂಡು ಕಪ್ಪೆ ಸಾದಾ ಕೂಗಿನ ಕೊನೆಗೆ ಒಂದು 'ಚಕ್' ಸೇರಿಸಿದರೆ ಹೆಣ್ಣಿಗೆ ಹೆಚ್ಚು ಇಷ್ಟ. ನೊರಜುಗಳೂ ಆ ಅಲಂಕಾರದ ಕೂಗಿಗೇ ಹೆಚ್ಚು ಬರುತ್ತವೆ. ಚೆನ್ನಾಗಿ ಹಾಡಿದಷ್ಟೂ ರಕ್ತ ಕಳೆದುಕೊಳ್ಳಬೇಕು.

ಇವು ಕಪ್ಪೆಯಿಂದ ಕಪ್ಪೆಗೆ ಟ್ರಿಪನೊಸೋಮ್ ಎಂಬ ಪರಾವಲಂಬಿಯನ್ನು ದಾಟಿಸುತ್ತವೆ. ಗೂಗಲ್ ಮಾಡಿದವರು ಬೆಚ್ಚಿಬೀಳುವುದು ಇಲ್ಲಿಯೇ, ಯಾಕೆಂದರೆ ಆಫ್ರಿಕಾದ ನಿದ್ರಾರೋಗಕ್ಕೂ ಟ್ರಿಪನೊಸೋಮ್ ಕಾರಣ ಎಂದು ಬರುತ್ತದೆ. ಆದರೆ ಅದು ಬೇರೆ ಪ್ರಭೇದ, ಅದನ್ನು ಹರಡುವುದು ಆಫ್ರಿಕಾದ ಸೆಟ್ಸೆ ನೊಣ. ಕೊರೆಥ್ರೆಲ್ಲಾದಿಂದ ಮನುಷ್ಯರಿಗೆ ರೋಗ ಹರಡಿದ್ದು ದಾಖಲಾಗಿಲ್ಲ.

ಹೆಸರು ಇಡುವುದು ಹೇಗೆ?

ಈ ಕುಲಕ್ಕೆ ಹೆಸರಿಟ್ಟಿದ್ದು 1902ರಲ್ಲಿ, ಅಮೆರಿಕದ ಕಾಕಿಲೆಟ್. 1911ರಲ್ಲಿ ನೆಲ್ಸನ್ ಅನ್ನಂಡೇಲ್ ಶ್ರೀಲಂಕಾದ ಒಂದು ಹುಳಕ್ಕೆ ಹೊಸ ಕುಲವನ್ನೇ ಮಾಡಿ ರಾಮ್ಸಿಯಾ ಇನೆಪ್ಟಾ ಎಂದು ಕರೆದರು. 1916ರಲ್ಲಿ ಕೋಲ್ಕತ್ತದಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕರು ಇವರೇ. ಮುಂದೆ ಕೂಲಂಕಷವಾಗಿ ನೋಡಿದಾಗ ಅದೂ ಕೊರೆಥ್ರೆಲ್ಲಾವೇ ಎಂದು ತಿಳಿದು ರಾಮ್ಸಿಯಾ ಎಂಬ ಹೆಸರು ಬಿದ್ದುಹೋಯಿತು. ಇಡೀ ಗುಂಪನ್ನು ಬಹಳ ಕಾಲ ಸೊಳ್ಳೆಗಳ ಹತ್ತಿರದ ಬೇರೆ ಕುಟುಂಬದೊಳಗೆ ಇಟ್ಟಿದ್ದರು, ಈಗ ಅದಕ್ಕೇ ಸ್ವಂತ ಕುಟುಂಬವಿದೆ. ಕೆನಡಾದ ಆರ್ಟ್ ಬೊರ್ಕೆಂಟ್ 2008ರಲ್ಲಿ ಜಗತ್ತಿನ ಎಲ್ಲ ಪ್ರಭೇದಗಳನ್ನು ಪರಿಶೀಲಿಸಿ ನಾನೂರು ಪುಟ ಮೀರಿದ ಗ್ರಂಥ ಬರೆದರು. ಲೆಬನಾನಿನಲ್ಲಿ ಗಟ್ಟಿಯಾದ ಮರದ ಅಂಟಿನೊಳಗೆ ಸಿಕ್ಕ ಕೊರೆಥ್ರೆಲ್ಲಾಕ್ಕೆ 12 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಇದನ್ನು 'ಈಗ ಬಂದ ಹೊಸ ಹುಳ' ಎನ್ನುವುದು ಹೇಗೆ?

ಪ್ರಭೇದ ಗುರುತಿಸುವ ಕೆಲಸ ನಿಧಾನದ್ದು. ಹುಳವನ್ನು ಆಲ್ಕೋಹಾಲ್‌ನಲ್ಲಿ ಇಟ್ಟು, ಆಮೇಲೆ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ: ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ, ರೆಕ್ಕೆ ಮತ್ತು ಕಾಲಿನ ಮೇಲೆ ಕಪ್ಪು ಪಟ್ಟೆ ಎಲ್ಲಿದೆ, ಮೀಸೆಯ ಗಂಟುಗಳ ಆಕಾರ ಹೇಗಿದೆ, ಗಂಡಿನ ಜನನಾಂಗದ ರಚನೆ ಹೇಗಿದೆ. ನೀರಿನಲ್ಲಿರುವ ಮರಿಹುಳವನ್ನೂ ನೋಡಬೇಕು, ಅದು ಮೀಸೆಯಿಂದಲೇ ಬೇಟೆ ಹಿಡಿಯುತ್ತದೆ. ಈಗ ಡಿಎನ್‌ಎ ಬಾರ್‌ಕೋಡ್ ಕೂಡ ಇದೆ. ಆದರೆ ಅಂಗಡಿಯ ಬಾರ್‌ಕೋಡ್‌ನಂತೆಯೇ, ಕಂಪ್ಯೂಟರಿನಲ್ಲಿ ಆ ಸಾಮಾನು ಮೊದಲೇ ದಾಖಲಾಗಿರದಿದ್ದರೆ ಸ್ಕ್ಯಾನ್ ಮಾಡಿ ಏನೂ ಉಪಯೋಗವಿಲ್ಲ. ಹೊಸ ಪ್ರಭೇದವೆಂದು ಖಾತ್ರಿಯಾದರೆ ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಇಟ್ಟು, ವಿವರವನ್ನು ಪ್ರಕಟಿಸಬೇಕು. ಅಲ್ಲಿಯವರೆಗೆ ಹೆಸರಿಲ್ಲ.

ಮೊಬೈಲ್ ಫೋಟೊದಲ್ಲಿ ಇದೆಲ್ಲ ಕಾಣುವುದಿಲ್ಲ. ಕಪ್ಪೆಯ ಮೇಲೆ ಕೂತಿದೆ ಎಂದ ಮಾತ್ರಕ್ಕೆ ಅದು ಕೊರೆಥ್ರೆಲ್ಲಾ ಎಂದೂ ಹೇಳಲಾಗದು. ಯುರನೊಟೇನಿಯಾ ಎಂಬ ಕುಲದ ನಿಜವಾದ ಸೊಳ್ಳೆಗಳಲ್ಲೂ ಕೆಲವು ಕಪ್ಪೆಯ ಕೂಗಿಗೆ ಬಂದು ರಕ್ತ ಹೀರುತ್ತವೆ.

ನಾವು ನಿಜವಾಗಿ ನೋಡಬೇಕಾದ ಹುಳಗಳು

ನಮ್ಮ ಕಡೆ ಹಾರಿ ಬಂದು ಕಚ್ಚುವ ಎಲ್ಲ ಸಣ್ಣ ಹುಳಕ್ಕೂ ಗುಂಗಾಡು ಎಂದುಬಿಡುತ್ತೇವೆ. ಕೆರೆ, ಹೊಂಡದ ಹತ್ತಿರದ ಬಲ್ಬಿಗೆ ಮುತ್ತುವ ಸೊಳ್ಳೆಯಂಥ ಹುಳಗಳಲ್ಲಿ ಬಹಳಷ್ಟು ಕಚ್ಚುವುದೇ ಇಲ್ಲ. ಕೈರೊನೊಮಿಡ್ ಎಂಬ ಆ ನೊರಜುಗಳಿಗೆ ಚುಚ್ಚುವ ಬಾಯಿಯೇ ಇಲ್ಲ. ಇವುಗಳ ನಡುವೆ ಎರಡನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು.

ಒಂದು, ಕ್ಯುಲಿಕಾಯ್ಡಿಸ್. ಇದೂ ನೊರಜೇ, ಕುಳ್ಳಗೆ ದಪ್ಪಗೆ ಇರುತ್ತದೆ, ರೆಕ್ಕೆಯ ಮೇಲೆ ಸಾಮಾನ್ಯವಾಗಿ ಚುಕ್ಕೆಗಳು. ಸಗಣಿ ಬೆರೆತ ಹಸಿ ಮಣ್ಣಿನಲ್ಲಿ, ದನದ ಕೊಟ್ಟಿಗೆಯ ಸುತ್ತ ಬೆಳೆಯುತ್ತದೆ. ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದು ಇದೇ. ಭಾರತದಲ್ಲಿ ಈ ರೋಗ ಮೊದಲು ವರದಿಯಾಗಿದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ಕರ್ನಾಟಕದ ಕುರಿಗಾರರಿಗೆ ಇದು ಹೊಸದಲ್ಲ. ಜ್ವರ, ತುಟಿ ಮತ್ತು ಮುಖ ಊದಿಕೊಳ್ಳುವುದು, ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಕುಂಟುವುದು ಇದರ ಲಕ್ಷಣ. ನಾಲಿಗೆ ನೀಲಿಯಾಗುವುದು ಎಲ್ಲ ಕುರಿಗಳಲ್ಲೂ ಕಾಣುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಮನುಷ್ಯರಿಗೆ ಹರಡುವುದಿಲ್ಲ. ಆದರೆ ಹಿಂಡಿನ ಮೇಲೆ ಬದುಕುವ ಮನೆಗೆ ಹತ್ತು ಕುರಿ ಸತ್ತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಎರಡು, ಮರಳು ನೊಣ. ಹೆಸರು ನೊಣ ಎಂದಿದ್ದರೂ ಸೊಳ್ಳೆಗಿಂತ ಸಣ್ಣದು, ಮೈತುಂಬ ಕೂದಲು. ಕೂತಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಅಗಲಿಸಿರುತ್ತದೆ. ಮಣ್ಣಿನ ಗೋಡೆಯ ಬಿರುಕು, ಕಲ್ಲಿನ ಸಂದು ಇದರ ಜಾಗ. 1965ರಲ್ಲಿ ನಾಗಪುರ ಜಿಲ್ಲೆಯ ಚಾಂದಿಪುರದಲ್ಲಿ ಪತ್ತೆಯಾದ ಚಾಂದಿಪುರ ವೈರಸ್ ಹರಡುವುದು ಇದರಿಂದ. 2003ರಲ್ಲಿ ಆಂಧ್ರಪ್ರದೇಶದಲ್ಲಿ (ಈಗಿನ ತೆಲಂಗಾಣವೂ ಅದರಲ್ಲಿತ್ತು) ಮಿದುಳಿನ ಜ್ವರ ಬಂದ 329 ಮಕ್ಕಳಲ್ಲಿ 183 ಮಕ್ಕಳು ತೀರಿಕೊಂಡರು. ಸೇಡಂ, ಚಿಂಚೋಳಿ ತಾಲ್ಲೂಕುಗಳ ಗಡಿಯಾಚೆ ಇರುವುದು ತೆಲಂಗಾಣವೇ.

ಇಲ್ಲಿ ಒಂದು ಎಚ್ಚರಿಕೆ. ಸರ್ಜೆಂಟೊಮಿಯಾ ಎಂಬ ಮರಳು ನೊಣಗಳು ಹೆಚ್ಚಾಗಿ ಹಲ್ಲಿ, ಓತಿಕ್ಯಾತಗಳನ್ನು ಕಚ್ಚುತ್ತವೆ. ಆದರೂ ತೆಲಂಗಾಣದ ಕರೀಂನಗರದಲ್ಲಿ ಹಿಡಿದ ಆ ನೊಣಗಳಲ್ಲಿ ಚಾಂದಿಪುರ ವೈರಸ್ ಪತ್ತೆಯಾಗಿದೆ. ಹಾಗಾಗಿ 'ತಣ್ಣನೆ ಮೈಯ ಪ್ರಾಣಿಯನ್ನು ಕಚ್ಚುವ ಹುಳ ನಮಗೆ ಏನೂ ಮಾಡದು' ಎಂಬುದು ಎಲ್ಲ ಹುಳಕ್ಕೂ ಅನ್ವಯಿಸುವ ಮಾತಲ್ಲ. ಯಾವ ಕುಲದ ಹುಳ ಎಂದು ಸರಿಯಾಗಿ ಗುರುತಿಸುವುದಕ್ಕೆ ವಿಜ್ಞಾನಿಗಳು ಇಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಹೊಂಡಕ್ಕೆ ಕೀಟನಾಶಕ ಸುರಿದರೆ ಮೊದಲು ಸಾಯುವುದು ಗೊದಮೊಟ್ಟೆಗಳು, ಮೀನು ಮರಿಗಳು. ಮರಳು ನೊಣ ನೀರಿನಲ್ಲಿ ಬೆಳೆಯುವುದೇ ಇಲ್ಲ, ಅದಕ್ಕೆ ಗೋಡೆಯ ಬಿರುಕು ಮುಚ್ಚಬೇಕು, ಮನೆಯ ಸುತ್ತ ಕಸ ಸಗಣಿ ಗುಡ್ಡೆ ಹಾಕಬಾರದು. ಮಗುವಿಗೆ ಇದ್ದಕ್ಕಿದ್ದಂತೆ ಜೋರು ಜ್ವರ ಬಂದು ಫಿಟ್ಸ್ ಅಥವಾ ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಈ ರೋಗದಲ್ಲಿ ಗಂಟೆಗಳ ಲೆಕ್ಕ. ನೀಲಿ ನಾಲಿಗೆ ರೋಗಕ್ಕೆ ಭಾರತದಲ್ಲೇ ತಯಾರಾದ, ಈ ವೈರಸ್ಸಿನ ಐದು ಬಗೆಗಳ ವಿರುದ್ಧದ ಲಸಿಕೆ ಇದೆ. ಮಳೆಗಾಲಕ್ಕೆ ಮೊದಲೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಕುರಿಯ ತುಟಿ ಊದಿದ್ದು ಕಂಡರೆ ಅದರ ಫೋಟೊ ಗ್ರೂಪಿಗೆ ಹಾಕುವ ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.